ಮಗುವಿಗೆ ಮೊದಲ ಆಟ

ನಮ್ಮ ಕರಾವಳಿಯ ಜನ ಯಕ್ಷಗಾನ ಬಯಲಾಟವನ್ನು ಅಷ್ಟು ಉದ್ದವಾದ ಹೆಸರಿನಿಂದ ಕರೆಯುವುದಿಲ್ಲ. ಅವರಿಗೆ ಅದು ಬರಿಯ ‘ಆಟ’. “ಈ ಹೊತ್ತು ಎಲ್ಲಿ ಆಟ?” “ಯಾವ ಮೇಳದ ಆಟ?” ಎಂದು ಕೇಳಿದರೆ ಸಾಕು, ಕೇಳಿದ್ದು ಯಾವುದರ ಬಗೆಗೆ ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮಗುವಿನ ಲೋಕದಲ್ಲಿಯೂ ಎಲ್ಲಕ್ಕಿಂತ ದೊಡ್ಡ ಮಾತು ಇದೇ. ಅಂಗಳದಲ್ಲಿ ಗೆರೆ ಎಳೆದು ಕುಂಟಾಬಿಲ್ಲೆ ಆಡುವುದೂ ಆಟ. ಗದ್ದೆಯ ಬಯಲಿನಲ್ಲಿ ದೇವೇಂದ್ರ ಒಡ್ಡೋಲಗ ಕೊಡುವುದೂ ಆಟ. ಒಂದೇ ಶಬ್ದ ಎರಡಕ್ಕೂ ಒದಗಿ ಬಂದಿರುವುದು ಭಾಷೆಯ ಬಡತನದಿಂದ ಎಂದು ನಾನು ತಿಳಿಯಲಾರೆ. ಇವೆರಡೂ ಒಂದೇ ಬೇರಿನ ಚಿಗುರುಗಳು ಎಂಬ ಅರಿವು ಆ ಶಬ್ದವನ್ನು ಬಳಸಿದ ನಮ್ಮ ಹಿರಿಯರಿಗೆ ಇದ್ದಿರಬೇಕು. ಎಳೆಯ ಮಗುವನ್ನು ಮೊತ್ತಮೊದಲ ಬಾರಿಗೆ ಆಟಕ್ಕೆ ಕರೆದುಕೊಂಡು ಹೋಗುವುದು ಹೇಗೆ ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ಇದೂ ಒಂದು ಭಾಷಣಕ್ಕೆ ತಕ್ಕ ವಿಷಯವೆ ಎಂದು ಕೆಲವರಿಗೆ ಅನ್ನಿಸೀತು. ಹಿಂದಿನ ದಿನಗಳಲ್ಲಿ ಈ ಪ್ರಶ್ನೆ ಏಳುತ್ತಲೇ ಇರಲಿಲ್ಲ, ನಿಜ. ಊರಿಗೆ ಮೇಳ ಬಂದರೆ ಮನೆಮಂದಿಯೆಲ್ಲ ಚಾಪೆ ಸುತ್ತಿಕೊಂಡು ಹೊರಡುತ್ತಿದ್ದರು; ಮಗುವನ್ನು ಮನೆಯಲ್ಲಿ ಬಿಟ್ಟು ಹೋಗಲು ಅಲ್ಲಿ ಯಾರೂ ಉಳಿದಿರುತ್ತಿರಲಿಲ್ಲವಾಗಿ ಅದೂ ಸೊಂಟದ ಮೇಲೆ ಕುಳಿತು ಆಟಕ್ಕೆ ಬರುತ್ತಿತ್ತು. ತನ್ನ ಮೊದಲ ಆಟ ಯಾವುದೆಂದು ಯಾರೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ. ಮೊದಲ ಅನ್ನ, ಮೊದಲ ಮಳೆಗಳ ಹಾಗೆ ಅದು ಬಾಳಿನೊಳಗೆ ಸೇರಿಹೋಗುತ್ತಿತ್ತು. ಈಗ ಕಾಲ ಬೇರೆಯಾಗಿದೆ. ಪಟ್ಟಣದ ತಂದೆತಾಯಿಗಳು ದಿನ ಗೊತ್ತುಮಾಡಿ, ರಜೆ ನೋಡಿ, ವಾಹನದಲ್ಲಿ ಕೂರಿಸಿ ಮಗುವನ್ನು ಆಟಕ್ಕೆ ತರಬೇಕಾಗಿದೆ. ಹಾಗೆ ತರುವವರು ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಒಂದೇ ಬಗೆಯವು: ಇಷ್ಟು ಸಣ್ಣ ಮಗುವಿಗೆ ಅರ್ಥವಾದೀತೆ? ಹೆದರೀತೆ? ಅಷ್ಟು ಹೊತ್ತು ಕುಳಿತೀತೆ? ಈ ಪ್ರಶ್ನೆಗಳಲ್ಲಿ ಮೊದಲನೆಯದನ್ನು ಸರಿಯಾಗಿ ಇತ್ಯರ್ಥ ಮಾಡಿಕೊಂಡರೆ ಉಳಿದೆರಡು ಹಗುರವಾಗುತ್ತವೆ ಎಂಬುದು ನನ್ನ ಎಣಿಕೆ. ಮಗುವಿಗೆ ಮೊದಲ ದಿನವೇ ಆಟ ಅರ್ಥವಾಗಬೇಕಾಗಿಲ್ಲ. ಅದು ಮನಸ್ಸಿಗೆ ಹಿಡಿಸಿದರೆ ಸಾಕು. ಹಿಡಿಸಿದ್ದು ಮುಂದೆ ತಾನಾಗಿ ಅರ್ಥವಾಗುತ್ತದೆ. ಅರ್ಥ ಮಾಡಿಸಲು ಹೊರಟು ಹಿಡಿಸುವುದನ್ನು ಕೆಡಿಸಿದರೆ ಎರಡೂ ಇಲ್ಲವಾಗುತ್ತವೆ.

ನಮ್ಮ ನಾಟ್ಯಶಾಸ್ತ್ರಕಾರರು ಅಭಿನಯವನ್ನು ನಾಲ್ಕಾಗಿ ವಿಂಗಡಿಸಿದ್ದಾರೆ: ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕ. ಮೈಯ ಚಲನೆ, ಮಾತು, ವೇಷಭೂಷಣ, ಅಂತರಂಗದ ಭಾವ ಎಂದು ಇವನ್ನು ಸ್ಥೂಲವಾಗಿ ಹೇಳಬಹುದು. ಆಟಕ್ಕೆ ಬಂದ ದೊಡ್ಡವನೊಬ್ಬ ಮೊದಲು ಕಿವಿಗೊಡುವುದು ವಾಚಿಕಕ್ಕೆ. ಇಂದು ಕೃಷ್ಣನ ಪಾತ್ರಧಾರಿ ಸಂಧಾನವನ್ನು ಹೇಗೆ ವಾದಿಸಿದ, ಕೌರವ ಏನು ಮರುಮಾತು ಕೊಟ್ಟ ಎಂಬುದರಲ್ಲೇ ಅವನ ಮನಸ್ಸು. ಮಗುವಿನ ದಾರಿ ಬೇರೆ. ಅದರ ಕಣ್ಣಿಗೆ ಮೊದಲು ಬೀಳುವುದು ಆಹಾರ್ಯ: ಕಿರೀಟದ ಹೊಳಪು, ಕೇದಗೆ ಮುಂದಲೆಯ ಅಂದ, ಎದೆಕಟ್ಟು, ಭುಜಕೀರ್ತಿ, ಮುಖದ ಬಣ್ಣ. ಆಮೇಲೆ ಆಂಗಿಕ: ತೆಂಕುತಿಟ್ಟಿನ ಪುಂಡುವೇಷ ಗಿರ್ರನೆ ಹಾಕುವ ಧೀಂಗಿಣ, ಬಡಗುತಿಟ್ಟಿನ ವೇಷಧಾರಿ ಮಂಡಿಯೂರಿ ತಿರುಗುವ ವೇಗ. ಜತೆಯಲ್ಲಿಯೇ ಚೆಂಡೆ ಮದ್ದಳೆಗಳ ನಾದ ಕಿವಿಗಿಂತ ಹೆಚ್ಚಾಗಿ ಎದೆಗೆ ಬಂದು ತಾಗುತ್ತದೆ. ಮಾತು ಬರುವುದು ಎಲ್ಲಕ್ಕಿಂತ ಕೊನೆಗೆ. ಆದರೆ ಒಂದು ವಿಶೇಷವುಂಟು. ನಾಲ್ಕನೆಯದಾದ ಸಾತ್ವಿಕವನ್ನು ಮಗು ನಮಗಿಂತ ಬೇಗ ಹಿಡಿಯುತ್ತದೆ. ರಾಜನೊಬ್ಬ ಸಿಟ್ಟಿನಲ್ಲಿದ್ದಾನೋ ಸಂಕಟದಲ್ಲಿದ್ದಾನೋ ಎಂಬುದನ್ನು ಅವನ ಒಂದು ಮಾತೂ ತಿಳಿಯದೆ ಅದು ಹೇಳಬಲ್ಲುದು. ತಾಯಿಯ ಮುಖ ನೋಡಿಯೇ ಮನೆಯ ಹವೆಯನ್ನು ಅಳೆಯುವ ಅಭ್ಯಾಸ ಅದಕ್ಕೆ ಹುಟ್ಟಿನಿಂದ ಬಂದದ್ದಲ್ಲವೆ? ಮೂರು ಅಭಿನಯಗಳು ಕೈಗೆ ಸಿಕ್ಕಿರುವಾಗ ನಾಲ್ಕನೆಯದು ತುಸು ತಡವಾದರೆ ಮಗುವಿಗೆ ಆಟ ಅರ್ಥವಾಗಲಿಲ್ಲ ಎನ್ನುವುದು ನ್ಯಾಯವಲ್ಲ.

ರಂಗದ ಸಂಕೇತಗಳನ್ನು ಒಪ್ಪಿಕೊಳ್ಳುವುದರಲ್ಲಂತೂ ಮಗು ನಮ್ಮೆಲ್ಲರಿಗೂ ಗುರು. ಬಯಲಾಟದ ರಂಗದಲ್ಲಿ ಇರುವುದು ಕುಳಿತುಕೊಳ್ಳಲು ಒಂದು ಮರದ ಪೀಠ ಮಾತ್ರ. ಅದಕ್ಕೆ ‘ರಥ’ ಎಂದು ಹೆಸರು. ಅದೇ ಸಿಂಹಾಸನ, ಬೇಕಾದಾಗ ಅದೇ ಬಂಡೆ, ಅದೇ ಬೆಟ್ಟ. ರಂಗಕ್ಕೆ ಒಂದು ಸುತ್ತು ಬಂದರೆ ಅಯೋಧ್ಯೆಯಿಂದ ಪಂಚವಟಿ ತಲುಪಿದಂತೆ. ಇಬ್ಬರು ಒಂದು ತೆರೆಯನ್ನು ಹಿಡಿದು ನಿಂತರೆ ಅದರ ಹಿಂದೆ ಇಡೀ ಅರಮನೆ. ತೆರೆಯ ಮೇಲೆ ಕಿರೀಟದ ತುದಿ ಕಾಣುತ್ತದೆ, ಕೆಳಗೆ ಗೆಜ್ಜೆಯ ಕಾಲು ಕಾಣುತ್ತದೆ, ನಡುವಿನದು ಕಾಣುವುದಿಲ್ಲ. ವಾಸ್ತವಿಕ ನಾಟಕ, ಚಲನಚಿತ್ರಗಳಿಗೆ ಒಗ್ಗಿದ ದೊಡ್ಡವರಿಗೆ ಇದನ್ನು ವಿವರಿಸಲು ಉಪನ್ಯಾಸ ಬೇಕಾದೀತು. ಕುರ್ಚಿಯನ್ನು ಬಸ್ಸು ಮಾಡಿ, ಕೋಲನ್ನು ಕುದುರೆ ಮಾಡಿ, ಚಾಪೆಯ ಹಿಂದೆ ಅವಿತು ‘ಕೂ’ ಎನ್ನುವ ಮಗುವಿಗೆ ಏನೂ ಬೇಡ. ಅದರ ಆಟದ ನಿಯಮಗಳೇ ಇಲ್ಲಿಯೂ ನಡೆಯುತ್ತಿವೆ ಎಂದು ಅದಕ್ಕೆ ಕಣ್ಣೆದುರೇ ಕಾಣುತ್ತದೆ. ದೊಡ್ಡವರೂ ತನ್ನ ಹಾಗೆಯೇ ಆಡುತ್ತಾರೆ, ಅದನ್ನು ಸಾವಿರ ಜನ ಕುಳಿತು ಗಂಭೀರವಾಗಿ ನೋಡುತ್ತಾರೆ ಎಂಬುದು ಮಗುವಿನ ಪಾಲಿಗೆ ಸಣ್ಣ ಸಂತೋಷವೇನೂ ಅಲ್ಲ.

ಹಾಗಾದರೆ ದೊಡ್ಡವರು ಮಾಡತಕ್ಕದ್ದು ಏನೂ ಇಲ್ಲವೆ? ಇದೆ. ಅದರಲ್ಲಿ ಮೊದಲನೆಯದು ಕಥೆ ಹೇಳುವುದು. ಆಟಕ್ಕೆ ಹೋಗುವ ಎರಡು ಮೂರು ದಿನ ಮುಂಚೆಯೇ ಪ್ರಸಂಗ ಯಾವುದೆಂದು ತಿಳಿದುಕೊಂಡು ಅದರ ಕಥೆಯನ್ನು ಮಗುವಿಗೆ ಹೇಳಬೇಕು; ಕೊನೆಯವರೆಗೂ ಹೇಳಬೇಕು. ಕೊನೆ ತಿಳಿದರೆ ಸ್ವಾರಸ್ಯ ಹೋಗುವುದೆಂಬ ಭಾವನೆ ನಮಗೆ ಪತ್ತೇದಾರಿ ಕಾದಂಬರಿಗಳಿಂದ ಬಂದದ್ದು. ಕೀಚಕ ಸಾಯುತ್ತಾನೆ ಎಂಬುದು ಗೊತ್ತಿಲ್ಲದೆ ಆಟಕ್ಕೆ ಬಂದವರು ನಮ್ಮಲ್ಲಿ ಯಾರಿದ್ದಾರೆ? ಏನಾಗುತ್ತದೆ ಎಂಬ ಕುತೂಹಲಕ್ಕಿಂತ ಹೇಗಾಗುತ್ತದೆ ಎಂಬ ಕುತೂಹಲವನ್ನೇ ನಂಬಿ ಬೆಳೆದ ಕಲೆ ಇದು. ಅಜ್ಜಿಯ ಬಾಯಿಂದ ಅದೇ ಕಥೆಯನ್ನು ಅದೇ ಮಾತುಗಳಲ್ಲಿ ದಿನವೂ ಕೇಳಬಯಸುವ, ಒಂದು ಮಾತು ಬದಲಾದರೆ “ಹಾಗಲ್ಲ ಅಜ್ಜಿ” ಎಂದು ತಿದ್ದುವ ಮಗುವಿಗೆ ಈ ರಹಸ್ಯ ಚೆನ್ನಾಗಿ ಗೊತ್ತು. ಕಥೆ ತಿಳಿದಿರುವ ಮಗು ರಂಗದ ಮೇಲೆ ವೇಷ ಬಂದಾಗ ಅದನ್ನು ಗುರುತಿಸುತ್ತದೆ. ಆ ಗುರುತಿಸುವಿಕೆಯ ಹೆಮ್ಮೆಯೇ ರಸಿಕತೆಯ ಮೊದಲ ಮೆಟ್ಟಿಲು.

ಪ್ರಸಂಗದ ಆಯ್ಕೆಯಲ್ಲೂ ಸ್ವಲ್ಪ ವಿವೇಚನೆ ಬೇಕು. ಬಹುಕಾಲ ಕುಳಿತು ಧರ್ಮಸೂಕ್ಷ್ಮವನ್ನು ಚರ್ಚಿಸುವ ಪ್ರಸಂಗಗಳು ಮೊದಲ ಆಟಕ್ಕೆ ಒದಗುವುದಿಲ್ಲ. ವೇಷವೂ ಕುಣಿತವೂ ಇಲ್ಲದೆ ಮಾತಿನಿಂದಲೇ ನಡೆಯುವ ತಾಳಮದ್ದಳೆಯನ್ನಂತೂ ಹದಿಹರೆಯಕ್ಕೆ ಕಾದಿರಿಸುವುದು ಲೇಸು. ಎಳೆಯರಿಗೆ ಹಿಡಿಸುವುದು ಕೃಷ್ಣಲೀಲೆ, ಲಂಕಾದಹನ, ಕುಶಲವರ ಕಾಳಗ, ಬಭ್ರುವಾಹನ ಕಾಳಗ ಮುಂತಾದವು. ಬಭ್ರುವಾಹನನ ಕಥೆಯನ್ನೇ ನೋಡಿ. ಲಕ್ಷ್ಮೀಶನ ಜೈಮಿನಿ ಭಾರತವನ್ನು ಓದಿದ ನಿಮಗೆ ಇದು ಹೊಸತಲ್ಲ. ಯಾಗದ ಕುದುರೆಯನ್ನು ಕಟ್ಟಿದ ಹುಡುಗನಿಗೆ ಅದು ತನ್ನ ತಂದೆ ಅರ್ಜುನನ ಬೆಂಗಾವಲಿನಲ್ಲಿ ಬಂದ ಕುದುರೆ ಎಂದು ತಿಳಿಯುತ್ತದೆ. ಕಾಣಿಕೆ ಹಿಡಿದು ತಂದೆಯನ್ನು ಕಾಣಲು ಹೋಗುತ್ತಾನೆ. ತಂದೆ ಅವನನ್ನು ಮಗನೆಂದು ಒಪ್ಪದೆ ಹೀನಾಯವಾಗಿ ನುಡಿಯುತ್ತಾನೆ. ಆಮೇಲೆ ಯುದ್ಧ. ತಂದೆ ಬೀಳುತ್ತಾನೆ, ನಾಗಲೋಕದ ಮಣಿಯಿಂದ ಮತ್ತೆ ಬದುಕುತ್ತಾನೆ. ಅಶ್ವಮೇಧ ಎಂದರೇನೆಂದು ಐದು ವರ್ಷದ ಮಗುವಿಗೆ ಗೊತ್ತಿರುವುದಿಲ್ಲ. ಪ್ರೀತಿಯಿಂದ ಹತ್ತಿರ ಹೋದವನನ್ನು ಅಪ್ಪ ಗದರಿಸಿದರೆ ಏನಾಗುತ್ತದೆ ಎಂಬುದು ಮಾತ್ರ ಚೆನ್ನಾಗಿ ಗೊತ್ತಿರುತ್ತದೆ.

ಎರಡನೆಯದು ಹೊತ್ತಿನ ವಿಚಾರ. ಮಗುವನ್ನು ಆಟದ ನಡುವಿಗೆ ಕರೆದೊಯ್ಯುವುದಕ್ಕಿಂತ ಆರಂಭಕ್ಕೆ ಕರೆದೊಯ್ಯುವುದು ಉತ್ತಮ. ಬಯಲಾಟದ ಕ್ರಮವನ್ನು ರೂಪಿಸಿದವರು ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೋ ಏನೋ ಎನ್ನುವಷ್ಟು ಚೆನ್ನಾಗಿ ಅದರ ಮೊದಲ ಭಾಗ ಎಳೆಯರಿಗೆ ಹೊಂದುತ್ತದೆ. ಚೌಕಿಯಲ್ಲಿ ಗಣಪತಿಯ ಪೂಜೆ. ಆಮೇಲೆ ಊರಿಗೆಲ್ಲ ಆಟದ ಸುದ್ದಿ ಮುಟ್ಟಿಸುವ ಚೆಂಡೆಯ ಅಬ್ಬರ. ಆಮೇಲೆ ಕೋಡಂಗಿಗಳ ಕುಣಿತ, ಬಲರಾಮ ಕೃಷ್ಣರಾಗಿ ಬರುವ ಬಾಲಗೋಪಾಲರು, ಸ್ತ್ರೀವೇಷ, ಒಡ್ಡೋಲಗ. ಮೇಳಕ್ಕೆ ಹೊಸದಾಗಿ ಸೇರಿದ ಹುಡುಗರು ಗೆಜ್ಜೆ ಕಟ್ಟಿ ಕಲಿಯಲು ಆರಂಭಿಸುತ್ತಿದ್ದದ್ದೇ ಈ ಕೋಡಂಗಿ, ಬಾಲಗೋಪಾಲ ವೇಷಗಳಿಂದ. ರಂಗದ ಮೇಲೆ ಕಲಿಯುವ ಮಕ್ಕಳು, ಕೆಳಗೆ ಚಾಪೆಯ ಮೇಲೆ ನೋಡುವ ಮಕ್ಕಳು. ಇಬ್ಬರಿಗೂ ಅದು ಶಾಲೆ. ಈಗ ಹಲವು ಮೇಳಗಳು ಇರುಳಿಡೀ ಆಡದೆ ಕಾಲಮಿತಿಗೆ ಒಳಪಟ್ಟು ನಡುರಾತ್ರಿಯೊಳಗೆ ಮಂಗಳ ಹಾಡುತ್ತವೆ. ಆ ಅವಸರದಲ್ಲಿ ಪೂರ್ವರಂಗ ಬಹಳ ಕಡೆ ಚುಟುಕಾಗಿದೆ. ಎಲ್ಲಿ ಅದನ್ನು ಪೂರ್ತಿಯಾಗಿ ಆಡುತ್ತಾರೋ ಅಲ್ಲಿಗೆ ಮಗುವನ್ನು ಒಯ್ಯುವ ಶ್ರಮ ತೆಗೆದುಕೊಂಡರೆ ವ್ಯರ್ಥವಾಗದು.

ನಿದ್ದೆಯ ಬಗೆಗೆ ಚಿಂತೆ ಬೇಡ. ಆಟದಲ್ಲಿ ನಿದ್ದೆ ಮಾಡುವುದು ಆಟಕ್ಕೆ ಮಾಡುವ ಅವಮಾನವಲ್ಲ. ಹಿಂದೆ ಮಕ್ಕಳು “ಬಣ್ಣದ ವೇಷ ಬರುವಾಗ ಎಬ್ಬಿಸಿ” ಎಂದು ಹೇಳಿ ಮಲಗುತ್ತಿದ್ದರು. ಅಜ್ಜಂದಿರು ಆ ಮಾತನ್ನು ಉಳಿಸಿಕೊಳ್ಳುತ್ತಿದ್ದರು. ಅರೆನಿದ್ದೆಯಲ್ಲಿ ಕೇಳಿದ ಭಾಗವತಿಕೆ, ಕಣ್ಣುಬಿಟ್ಟಾಗ ಎದುರಿಗೆ ಕಂಡ ಕಿರೀಟ, ಮತ್ತೆ ಮುಚ್ಚಿದ ಕಣ್ಣಿನೊಳಗೆ ಮುಂದುವರಿದ ಕುಣಿತ: ಆಟವನ್ನು ಹೀಗೆ ಕನಸಿನೊಡನೆ ಬೆರೆಸಿ ಉಣ್ಣುವ ಭಾಗ್ಯ ಎಚ್ಚರವಾಗಿರುವ ವಿಮರ್ಶಕನಿಗೆ ಇಲ್ಲ. ಮಗು ಮನೆಗೆ ಹೋಗೋಣ ಎಂದರೆ ಹೊರಟುಬಿಡಬೇಕು. ಟಿಕೇಟಿನ ದುಡ್ಡು ದಂಡವಾಯಿತೆಂದು ಅದನ್ನು ಹಿಡಿದು ಕೂರಿಸಿದರೆ ಮುಂದಿನ ಆಟಗಳನ್ನೆಲ್ಲ ದಂಡ ತೆತ್ತ ಹಾಗಾಗುತ್ತದೆ. ಹರಕೆಯ ಆಟವಾದರೆ ಟಿಕೇಟಿನ ಮಾತೇ ಇಲ್ಲ. ಬೇಕಾದಾಗ ಬರಬಹುದು, ಬೇಕಾದಾಗ ಹೋಗಬಹುದು. ಮೊದಲ ಆಟಕ್ಕೆ ಸಭಾಭವನಕ್ಕಿಂತ ಬಯಲೇ ಹಿತವೆನ್ನಲು ಇದೂ ಒಂದು ಕಾರಣ.

ಇನ್ನು ಕೆಲವು ಸಣ್ಣ ಸಂಗತಿಗಳು. ಚೆಂಡೆಯ ಸದ್ದು ಎಳೆಯ ಕಿವಿಗೆ ಬಲು ದೊಡ್ಡದು. ಧ್ವನಿವರ್ಧಕದ ಹತ್ತಿರವಂತೂ ಕೂರಲೇಬಾರದು. ಮೊದಲು ತುಸು ದೂರದಲ್ಲಿ, ಒಂದು ಪಕ್ಕದಲ್ಲಿ ಕುಳಿತು ಮಗು ತಾನಾಗಿ ಕೈ ಹಿಡಿದೆಳೆದ ಮೇಲೆ ಮುಂದಕ್ಕೆ ಹೋಗಬೇಕು. ಆಟದ ಋತು ಕಾರ್ತಿಕದ ಹೊತ್ತಿಗೆ ಆರಂಭವಾಗಿ ಮೇ ತಿಂಗಳ ಕೊನೆಯ ಪತ್ತನಾಜೆಯವರೆಗೆ. ಅದರ ಮೊದಲರ್ಧದಲ್ಲಿ ರಾತ್ರಿಯ ಮಂಜು ಬೀಳುತ್ತದೆ. ಕಿವಿಗೆ ಟೊಪ್ಪಿಗೆ, ಮೈಗೆ ಹೊದಿಕೆ ಇರಲಿ. ಚರುಮುರಿ, ನೆಲಗಡಲೆಗಳನ್ನು ಬೇಡವೆನ್ನಬೇಡಿ. ಆಟದ ಬಯಲಿನ ಅಂಗಡಿಸಾಲು, ದೀಪ, ಪೊಟ್ಟಣದ ವಾಸನೆಗಳೂ ಮಗುವಿನ ಮಟ್ಟಿಗೆ ಪ್ರಸಂಗದ ಭಾಗಗಳೇ ಸರಿ.

ಈಗ ಭಯದ ಮಾತಿಗೆ ಬರೋಣ. ಬಣ್ಣದ ವೇಷವನ್ನು ನೋಡಿ ಮಗು ಹೆದರುತ್ತದೆ. ಹೆದರಲೆಂದೇ ಆ ವೇಷ ಇರುವುದು. ಅಕ್ಕಿಹಿಟ್ಟು ಸುಣ್ಣಗಳನ್ನು ಬೆರೆಸಿ ಮುಖದ ಮೇಲೆ ಮುಳ್ಳಿನಂತೆ ಇಟ್ಟ ಚುಟ್ಟಿ, ಕೆಂಪು ಕಪ್ಪುಗಳ ಗೆರೆ, ಮುಖಕ್ಕಿಂತ ಎಷ್ಟೋ ಪಾಲು ದೊಡ್ಡದಾದ ಕಿರೀಟ. ದೀವಟಿಗೆಗೆ ರಾಳದ ಪುಡಿ ಎರಚಿದಾಗ ಭಗ್ಗನೆ ಏಳುವ ಬೆಂಕಿ. ಮೇಲೆ ಆ ಆರ್ಭಟ. ದೇವೀಮಹಾತ್ಮೆಯ ಮಹಿಷಾಸುರನಾದರೆ ರಂಗದ ಹಿಂದಿನಿಂದಲೂ ಬರುವುದಿಲ್ಲ. ಪ್ರೇಕ್ಷಕರ ಹಿಂದಿನಿಂದ, ಕತ್ತಲೆಯೊಳಗಿಂದ, ಪಂಜುಗಳ ನಡುವೆ, ಜನರನ್ನು ಸೀಳಿಕೊಂಡು ಬರುತ್ತಾನೆ. ನಮ್ಮ ಮನೆಯ ಪುಟ್ಟ ಮಗುವೊಂದು ಆ ಹೊತ್ತಿನಲ್ಲಿ ನನ್ನ ಶಾಲಿನೊಳಗೆ ಪೂರ್ತಿಯಾಗಿ ಮರೆಯಾಯಿತು. ಸ್ವಲ್ಪ ಹೊತ್ತಿಗೆ ಶಾಲಿನ ಅಂಚು ಒಂದು ಬೆರಳಿನಷ್ಟು ಸರಿಯಿತು. ಆ ಸಂದಿನಲ್ಲಿ ಒಂದು ಕಣ್ಣು ಕಾಣಿಸಿತು. ವೇಷ ಹತ್ತಿರವಾದಾಗ ಸಂದು ಮುಚ್ಚುತ್ತಿತ್ತು, ದೂರವಾದಾಗ ತೆರೆಯುತ್ತಿತ್ತು. ಎಷ್ಟು ಭಯ ಬೇಕು ಎಂಬುದನ್ನು ಮಗು ತಾನೇ ಅಳೆದು ತೆಗೆದುಕೊಳ್ಳುತ್ತಿತ್ತು.

ಅಲಂಕಾರಶಾಸ್ತ್ರದಲ್ಲಿ ಭಯಕ್ಕೂ ಭಯಾನಕ ರಸಕ್ಕೂ ವ್ಯತ್ಯಾಸ ಹೇಳುತ್ತಾರೆ. ಕಾಡಿನಲ್ಲಿ ಹುಲಿ ಎದುರಾದರೆ ಆಗುವುದು ಭಯ. ಅಲ್ಲಿ ಓಡುವುದೊಂದೇ ದಾರಿ. ರಂಗದ ಮೇಲಿನ ರಾಕ್ಷಸನನ್ನು ಕಂಡಾಗಲೂ ಎದೆ ಹೊಡೆದುಕೊಳ್ಳುತ್ತದೆ, ಆದರೆ ಓಡದೆ ಕುಳಿತು ನೋಡುತ್ತೇವೆ, ನೋಡುವುದರಲ್ಲಿ ಒಂದು ಆನಂದವೂ ಇದೆ. ಭಯ ರಸವಾಗಬೇಕಾದರೆ ತಾನು ಸುರಕ್ಷಿತ ಎಂಬ ನೆಲೆ ಬೇಕು. ವಿದ್ವಾಂಸರಿಗೆ ಆ ನೆಲೆಯನ್ನು ಶಾಸ್ತ್ರ ಕೊಡುತ್ತದೆ. ಮಗುವಿಗೆ ಅದನ್ನು ಕೊಡುವುದು ಅಜ್ಜನ ಶಾಲು, ಅಮ್ಮನ ಮಡಿಲು. ಆದ್ದರಿಂದ ಹೆದರಿದ ಮಗುವನ್ನು ನೋಡಿ ನಗಬಾರದು. “ಹೇಡಿ” ಎನ್ನಬಾರದು. “ಅದು ಸುಳ್ಳು, ಬರೀ ಬಣ್ಣ” ಎಂದು ಆ ಕ್ಷಣದಲ್ಲಿ ವಾದಿಸಲೂಬಾರದು. ಮಗುವಿಗೆ ಅದು ಸುಳ್ಳಲ್ಲ, ನಿಮ್ಮ ಮಾತೇ ಸುಳ್ಳೆಂದು ತೋರುತ್ತದೆ. ಊಟ ಮಾಡದಿದ್ದರೆ ರಾಕ್ಷಸನಿಗೆ ಕೊಡುತ್ತೇನೆ ಎಂದು ಮರುದಿನ ಹೆದರಿಸುವುದಂತೂ ಕಲೆಗೂ ಮಗುವಿಗೂ ಒಟ್ಟಿಗೆ ಬಗೆಯುವ ದ್ರೋಹ. ಮಾಡಬೇಕಾದದ್ದು ಇಷ್ಟೆ: ಸುಮ್ಮನೆ ಅಪ್ಪಿ ಹಿಡಿದುಕೊಂಡಿರಬೇಕು, ಶಾಲಿನ ಸಂದನ್ನು ಅದರ ಕೈಗೇ ಬಿಡಬೇಕು. ಸಂದು ತೆರೆಯದೆ ಅಳು ಹೆಚ್ಚಾದರೆ ಎದ್ದು ದೀಪದ ಕಡೆಗೆ, ಅಂಗಡಿಯ ಕಡೆಗೆ ನಡೆಯಬೇಕು. ಆ ಮಗುವಿಗೆ ಇನ್ನೂ ಹೊತ್ತು ಬಂದಿಲ್ಲ ಎಂದು ತಿಳಿದು ಒಂದು ವರ್ಷ ಕಾದರಾಯಿತು.

ತೀರ ಅಂಜುವ ಮಕ್ಕಳಿಗೆ ಚೌಕಿ ಒಳ್ಳೆಯ ಔಷಧ. ವೇಷಗಳು ಸಿದ್ಧವಾಗುವ ಸ್ಥಳಕ್ಕೆ ಚೌಕಿ ಎಂದು ಹೆಸರು. ಮೇಳದ ಯಜಮಾನರನ್ನೋ ಹಿರಿಯ ಕಲಾವಿದರನ್ನೋ ಕೇಳಿ, ಚಪ್ಪಲಿ ಹೊರಗೆ ಬಿಟ್ಟು, ಸಂಜೆ ಅಲ್ಲಿಗೆ ಮಗುವನ್ನು ಕರೆದೊಯ್ಯಬಹುದು. ನೆಲದ ಮೇಲೆ ಸಾಲಾಗಿ ಕುಳಿತು, ಕೈಯಲ್ಲಿ ಕನ್ನಡಿ ಹಿಡಿದು, ತಮ್ಮ ಮುಖಕ್ಕೆ ತಾವೇ ಬಣ್ಣ ಬರೆದುಕೊಳ್ಳುವ ಜನ. ಅರದಾಳದ ಹಳದಿ, ಇಂಗಳೀಕದ ಕೆಂಪು, ಕಾಡಿಗೆಯ ಕಪ್ಪು. ಈಗಷ್ಟೇ ಚಹಾ ಕುಡಿದ ಸಾಧಾರಣ ಮನುಷ್ಯನೊಬ್ಬ ಗಂಟೆಗಟ್ಟಲೆ ಕುಳಿತು, ಗೆರೆಯ ಮೇಲೆ ಗೆರೆ, ಚುಟ್ಟಿಯ ಪಕ್ಕದಲ್ಲಿ ಚುಟ್ಟಿ ಇಟ್ಟು, ಮೆಲ್ಲಮೆಲ್ಲನೆ ರಾಕ್ಷಸನಾಗುತ್ತಾನೆ. ಗುಟ್ಟು ರಟ್ಟಾದರೆ ಭ್ರಮೆ ಒಡೆಯುವುದಿಲ್ಲವೆ ಎಂದು ಕೇಳಬಹುದು. ಒಡೆಯುವುದಿಲ್ಲ. ಅದೇ ಮನುಷ್ಯ ರಂಗಕ್ಕೆ ಬಂದು ಆರ್ಭಟಿಸಿದಾಗ ಮಗು ಮತ್ತೆ ಹೆದರುತ್ತದೆ; ಆದರೆ ಈಗ ಹೆದರಿಕೆಯ ಜತೆಗೆ “ನನಗೆ ಗೊತ್ತು” ಎಂಬ ಸಣ್ಣ ನಗೆಯೂ ಇರುತ್ತದೆ. ಗೊಂಬೆಗೆ ಜ್ವರ ಬಂದಿದೆಯೆಂದು ನಿಜವಾಗಿ ಮರುಗುತ್ತ, ಅದು ಬಟ್ಟೆಯ ಗೊಂಬೆ ಎಂಬುದನ್ನೂ ಮರೆಯದೆ ಇರಬಲ್ಲ ಮಗುವಿಗೆ ಈ ಎರಡನ್ನೂ ಒಟ್ಟಿಗೆ ಹಿಡಿದಿರುವುದು ಕಷ್ಟವಲ್ಲ. ಎಲ್ಲ ಮಕ್ಕಳಿಗೂ ಇದು ಮೊದಲೇ ಬೇಕೆಂದಲ್ಲ. ಧೈರ್ಯವಂತ ಮಗು ಮೊದಲು ರಂಗದ ಮೇಲಿನ ಬೆರಗನ್ನೇ ನೋಡಲಿ, ಚೌಕಿ ಆಮೇಲೆ ಬರಲಿ.

ಭಯಕ್ಕಿಂತ ಕಠಿಣವಾದದ್ದು ದುಃಖ. ಅಭಿಮನ್ಯು ಹುಡುಗ, ಧೀಂಗಿಣ ಹಾಕುತ್ತ ರಂಗವನ್ನೆಲ್ಲ ತುಂಬಿದವನು. ಎಲ್ಲ ಮಕ್ಕಳೂ ಮೊದಲ ಐದು ನಿಮಿಷದಲ್ಲೇ ಅವನ ಪಕ್ಷ ಸೇರಿರುತ್ತಾರೆ. ಅವನನ್ನು ದೊಡ್ಡವರೆಲ್ಲ ಸೇರಿ, ಸುತ್ತುಗಟ್ಟಿ ಕೊಲ್ಲುತ್ತಾರೆ. “ಯಾಕೆ?” ಎಂದು ಮಗು ಕೇಳುತ್ತದೆ. ಇದಕ್ಕೆ ನಮ್ಮಲ್ಲಿ ಯಾರ ಹತ್ತಿರವೂ ಒಳ್ಳೆಯ ಉತ್ತರವಿಲ್ಲ, ವ್ಯಾಸರೂ ಕೊಟ್ಟಿಲ್ಲ. ಆದುದರಿಂದ ಉತ್ತರವನ್ನು ಹೊಸೆಯಲು ಹೋಗದೆ “ಅದು ಅನ್ಯಾಯ” ಎಂದು ಒಪ್ಪಿಕೊಳ್ಳುವುದೇ ಸರಿ. ಸಾವನ್ನು ಕಥೆಯಲ್ಲಿ ಕಂಡ ಮಗು ಅದನ್ನು ಹತ್ತಾರು ಜನರ ನಡುವೆ, ಎಲ್ಲರೂ ನಿಟ್ಟುಸಿರು ಬಿಡುವಾಗ ಕಾಣುತ್ತದೆ. ತನ್ನ ಅಳು ತನ್ನೊಬ್ಬನದೇ ಅಲ್ಲ ಎಂಬುದನ್ನು ಅದು ಅಲ್ಲಿ ಕಲಿಯುತ್ತದೆ. ನಮ್ಮ ಆಲಂಕಾರಿಕರು ಸಾಧಾರಣೀಕರಣವೆಂದು ಕರೆದದ್ದರ ಒಂದು ಎಳೆ ಇಲ್ಲಿಯೇ ಇದೆ. ಹಾಗಿದ್ದರೂ ಮೊತ್ತಮೊದಲ ಆಟಕ್ಕೆ ಅಭಿಮನ್ಯು ಕಾಳಗ ಬೇಡವೆಂದೇ ನನ್ನ ಸಲಹೆ. ಎರಡನೆಯದಕ್ಕೋ ಮೂರನೆಯದಕ್ಕೋ ಆಗಬಹುದು.

ಮಾತಿನ ವಿಷಯವನ್ನು ಕೊನೆಗೆ ಇರಿಸಿಕೊಂಡಿದ್ದೇನೆ. ಮಗುವಿಗೆ ಮಾತು ತಡವಾಗಿ ತಲುಪುತ್ತದೆ ಎಂದೆ, ತಲುಪುವುದಿಲ್ಲ ಎನ್ನಲಿಲ್ಲ. ಮೊದಲು ತಲುಪುವುದು ಹಾಸ್ಯಗಾರನ ಮಾತು. ದೂತನಾಗಿ, ಬ್ರಾಹ್ಮಣನಾಗಿ, ಮುದುಕಿಯಾಗಿ ಬರುವ ಅವನು ಮನೆಯ ಮಾತನ್ನೇ ಆಡುತ್ತಾನೆ, ರಾಜನ ಗಂಭೀರ ವಾಕ್ಯವನ್ನು ಮಗುವಿಗೆ ಸಿಗುವಂತೆ ತಿರುಗಿಸಿ ಹೇಳುತ್ತಾನೆ. ಆ ಬಾಗಿಲಿನಿಂದ ಒಳಹೊಕ್ಕ ಮಗುವಿನ ಕಿವಿಗೆ ಮೆಲ್ಲನೆ ಉಳಿದದ್ದೂ ಬೀಳತೊಡಗುತ್ತದೆ. ಅರ್ಥಗಾರಿಕೆಯಲ್ಲಿ ಬರೆದಿಟ್ಟ ಮಾತಿಲ್ಲ. ಭಾಗವತರು ಪದ್ಯ ಹಾಡಿದ ಮೇಲೆ ವೇಷಧಾರಿ ಅದರ ಭಾವವನ್ನು ಅಲ್ಲಿಯೇ ಮಾತಾಗಿ ಕಟ್ಟುತ್ತಾನೆ. ಅದರಲ್ಲಿ ಇಂಗ್ಲಿಷಿನ ಒಂದು ಶಬ್ದವೂ ನುಸುಳಬಾರದೆಂಬುದು ಕಟ್ಟುಪಾಡು. ಹೆಚ್ಚು ಓದದ ಕಲಾವಿದರೂ ಈ ಕಟ್ಟುಪಾಡನ್ನು ಪಾಲಿಸಿಕೊಂಡು ಬಂದಿದ್ದಾರೆ. ಕನ್ನಡದ ಎರಡು ವಾಕ್ಯಗಳನ್ನು ಬೆರಕೆಯಿಲ್ಲದೆ ಆಡುವುದು ದುರ್ಲಭವಾಗಿರುವ ಈ ಕಾಲದಲ್ಲಿ ಮಗುವೊಂದು ಗಂಟೆಗಟ್ಟಲೆ ತುಂಬುಗನ್ನಡವನ್ನು, ಅದೂ ವೀರರ ಬಾಯಿಂದ, ಕೇಳುವ ಸ್ಥಳ ಬೇರೆ ಯಾವುದಿದೆ? ಪಾಠಪುಸ್ತಕದ ಕನ್ನಡ ಪರೀಕ್ಷೆಗೆ ಇರುವ ಭಾಷೆ ಎಂದು ತಿಳಿದಿದ್ದ ಮಗುವಿಗೆ ಆ ಭಾಷೆಯಲ್ಲಿ ಯುದ್ಧ ಹೂಡಬಹುದು, ಮುನಿಯಬಹುದು, ತಾಯಿಯನ್ನು ಬೇಡಿಕೊಳ್ಳಬಹುದು ಎಂದು ಇಲ್ಲಿ ಗೊತ್ತಾಗುತ್ತದೆ. ಕನ್ನಡದ ಮೇಷ್ಟ್ರಾಗಿ ಬಾಳಿದ ನನಗೆ ಇದಕ್ಕಿಂತ ದೊಡ್ಡ ಪ್ರಯೋಜನ ಬೇರೆ ತೋರುವುದಿಲ್ಲ.

ಮಾತನ್ನೇ ಕಡಿಮೆ ಮಾಡಿ ನೋಡಿದ ಪ್ರಯೋಗವೂ ನಮ್ಮಲ್ಲಿ ನಡೆದಿದೆ. ಶಿವರಾಮ ಕಾರಂತರು ಕುಣಿತ, ಹಾಡು, ಬಣ್ಣಗಳಿಗೆ ಮೇಲುಗೈ ಕೊಟ್ಟು, ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸೋಫೋನುಗಳನ್ನು ಸೇರಿಸಿ, ಕೆಲವೇ ಗಂಟೆಗಳಲ್ಲಿ ಮುಗಿಯುವ ‘ಯಕ್ಷಗಾನ ಬ್ಯಾಲೆ’ಯನ್ನು ರೂಪಿಸಿದರು. 1971ರಲ್ಲಿ ಉಡುಪಿಯಲ್ಲಿ ಆರಂಭವಾದ ಯಕ್ಷಗಾನ ಕೇಂದ್ರಕ್ಕೂ ಈ ಪ್ರಯೋಗಕ್ಕೂ ಹತ್ತಿರದ ನಂಟು. ವಾಚಿಕ ಹೋದರೆ ಯಕ್ಷಗಾನದ ಅರ್ಧಾಂಗವೇ ಹೋಯಿತೆಂದು ಆಕ್ಷೇಪಿಸಿದವರೂ ಉಂಟು. ಆ ಚರ್ಚೆಯನ್ನು ಇಲ್ಲಿ ಎತ್ತುವುದಿಲ್ಲ. ಮಗುವಿನ ದೃಷ್ಟಿಯಿಂದ ನೋಡಿದರೆ ಎರಡಕ್ಕೂ ಸ್ಥಾನವಿದೆ. ದೂರದ ಊರುಗಳಲ್ಲಿ, ಹೊರನಾಡುಗಳಲ್ಲಿ ಕನ್ನಡ ಕಿವಿಗೆ ಬೀಳದೆ ಬೆಳೆಯುತ್ತಿರುವ ನಮ್ಮ ಮೊಮ್ಮಕ್ಕಳಿಗೆ ಮಾತು ಕಡಿಮೆಯಾದ, ಹೊತ್ತು ಚಿಕ್ಕದಾದ ರೂಪವೇ ಸುಲಭದ ಹೆಬ್ಬಾಗಿಲಾದೀತು. ಬೆಂಗಳೂರಿನವರಿಗೆ ಪ್ರಭಾತ್ ಕಲಾವಿದರ ‘ಕಿಂದರಿಜೋಗಿ’, ‘ಸಿಂಡ್ರೆಲಾ’ಗಳಂಥ ನೃತ್ಯರೂಪಕಗಳು ಇದೇ ಕೆಲಸ ಮಾಡಿವೆ. ಮಕ್ಕಳೇ ಗೆಜ್ಜೆ ಕಟ್ಟುವ ಮೇಳಗಳೂ ನಮ್ಮಲ್ಲಿವೆ. ಕೋಟ ಸಾಲಿಗ್ರಾಮದ ಕಡೆ 1970ರ ದಶಕದಲ್ಲಿ ಹುಟ್ಟಿದ ಸಾಲಿಗ್ರಾಮ ಮಕ್ಕಳ ಮೇಳ ಅದಕ್ಕೆ ಒಳ್ಳೆಯ ಮೇಲ್ಪಂಕ್ತಿ. ತನ್ನ ಎತ್ತರದ ಕೃಷ್ಣನನ್ನು ರಂಗದ ಮೇಲೆ ಕಂಡ ಮಗುವಿಗೆ ಬೇರೆ ಪ್ರೋತ್ಸಾಹ ಬೇಕಾಗುವುದಿಲ್ಲ.

ಆಟ ನಡೆಯುತ್ತಿರುವಾಗ ದೊಡ್ಡವರು ಪಾಲಿಸತಕ್ಕ ಮುಖ್ಯ ವ್ರತ ಮೌನ. ಮೊದಲೇ ಕಥೆ ಹೇಳಿರೆಂದದ್ದು ಆಗ ಸುಮ್ಮನಿರುವುದಕ್ಕಾಗಿ. “ನೋಡು, ಈಗ ಬಂದವನು ಭೀಮ, ಅಲ್ಲಿ ನೋಡು, ಕಿರೀಟ ನೋಡು” ಎಂದು ಕಿವಿಯ ಬಳಿ ಓದುತ್ತ ಹೋದರೆ ಮಗು ರಂಗವನ್ನು ಬಿಟ್ಟು ನಿಮ್ಮ ಬಾಯಿಯನ್ನು ನೋಡುತ್ತದೆ. ಅದು ಕೇಳಿದ್ದಕ್ಕೆ ಒಂದು ಮಾತಿನ ಉತ್ತರ ಕೊಟ್ಟರೆ ಸಾಕು. ದೂರದರ್ಶನವೂ ಮೊಬೈಲ್ ಫೋನಿನ ಪರದೆಯೂ ಏನನ್ನು ನೋಡಬೇಕೆಂದು ತಾವೇ ಆರಿಸಿ ತೋರಿಸುತ್ತವೆ. ಬಯಲಿನಲ್ಲಿ ಆಯ್ಕೆ ಮಗುವಿನದು. ಅದು ಅರ್ಜುನನನ್ನು ನೋಡದೆ ಹತ್ತು ನಿಮಿಷ ಚೆಂಡೆಯವನ ಕೈಯನ್ನೇ ನೋಡೀತು, ನೋಡಲಿ. ಆ ಕೈಯಿಂದಲೇ ಒಬ್ಬ ಚೆಂಡೆಗಾರ ಹುಟ್ಟಲಾರನೆಂದು ಹೇಳುವವರಾರು? ಮಗುವಿನ ನೆನಪಿಗಾಗಿ ಎಂದು ಅದರ ಕಣ್ಣಿಗೆ ಅಡ್ಡವಾಗಿ ಫೋನು ಎತ್ತಿ ಹಿಡಿಯುವುದನ್ನೂ ಬಿಡುವುದು ಒಳ್ಳೆಯದು. ನೆನಪು ಅದರೊಳಗೆ ಆಗಲೇ ಅಚ್ಚಾಗುತ್ತಿರುತ್ತದೆ.

ಒಂದು ಕಲೆ ಉಳಿಯುವುದು ಆಡುವವರಿಂದ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಕಲಾವಿದರಿಗೆ ಮಾಸಾಶನ, ಪ್ರಶಸ್ತಿ, ತರಬೇತಿಗಳ ಮಾತನಾಡುತ್ತೇವೆ. ಅವೆಲ್ಲ ಬೇಕಾದವೇ. ಆದರೆ ನೋಡುವುದನ್ನು ಬಲ್ಲ ಜನ ಇಲ್ಲದಿದ್ದರೆ ಆಡುವವನು ಯಾರಿಗಾಗಿ ಆಡಬೇಕು? ಚುಟ್ಟಿಯಿಡುವ ತಾಳ್ಮೆ ಮುಖ ಬರೆಯುವವನಿಗೆ ಎಷ್ಟು ಬೇಕೋ ಅದನ್ನು ಕಂಡು ಬೆರಗಾಗುವ ಕಣ್ಣು ನೋಡುವವನಿಗೂ ಅಷ್ಟೇ ಬೇಕು. ಆ ಕಣ್ಣು ಪ್ರೌಢಶಾಲೆಯ ಪಾಠದಿಂದ ಬರುವುದಲ್ಲ. ಅದು ನಾಲ್ಕೈದು ವರ್ಷದ ವಯಸ್ಸಿನಲ್ಲಿ, ಯಾವುದೋ ಒಂದು ಬಯಲಿನಲ್ಲಿ, ಯಾರದೋ ಮಡಿಲಲ್ಲಿ ತೆರೆಯುತ್ತದೆ. ಆಗ ತೆರೆಯದಿದ್ದರೆ ಆಮೇಲೆ ತೆರೆಸುವುದು ಕಷ್ಟ.

ಮರುದಿನ ಬೆಳಿಗ್ಗೆ ನಿಮ್ಮ ಮನೆಯಲ್ಲಿ ಅಂಗವಸ್ತ್ರವೊಂದು ಕಾಣೆಯಾದರೆ, ಅಡಿಗೆಮನೆಯ ಡಬ್ಬಿಯ ಮೇಲೆ ತಾಳ ಕೇಳಿಸಿದರೆ ಆಟ ಹಿಡಿಸಿದೆ ಎಂದು ತಿಳಿಯಿರಿ. ಬಂದ ನೆಂಟರ ಮುಂದೆ ಕುಣಿದು ತೋರಿಸೆಂದು ಒತ್ತಾಯಿಸಬೇಡಿ. ಅದು ಹೇಳುವ ಮಾತು ತಪ್ಪಿದ್ದರೆ ತಿದ್ದಲೂ ಹೋಗಬೇಡಿ. ಇಬ್ಬರು ಬೇಕಾದ ಕಡೆ ತೆರೆ ಹಿಡಿಯಲು ನಿಮ್ಮನ್ನು ಕರೆದರೆ ಮಾತ್ರ ಹೋಗಿ, ಅದು ಹೇಳಿದಷ್ಟು ಎತ್ತರಕ್ಕೆ, ಅದು ಹೇಳಿದಷ್ಟು ಹೊತ್ತು ಹಿಡಿದುಕೊಂಡು ನಿಲ್ಲಿ.